ಕವುಚಿಟ್ಟ ಸ್ಟ್ರೆಚರ್

ನಾನು ಒಂದು ಸ್ಟ್ರೆಚರ್. ಎರಡು ಅಲ್ಯೂಮಿನಿಯಂ ಕೊಳವೆ, ನಡುವೆ ಕಿತ್ತಳೆ ಬಣ್ಣದ ದಪ್ಪ ಬಟ್ಟೆ, ತುದಿಗಳಿಗೆ ರಬ್ಬರಿನ ಹಿಡಿ, ಮಡಚಲು ಒಂದು ಕೀಲು. ನನ್ನ ಮೈಯಲ್ಲಿ ಇದಕ್ಕಿಂತ ಹೆಚ್ಚೇನೂ ಇಲ್ಲ. ಆದರೂ ಮಂಗಳೂರಿನಲ್ಲಿ ನನ್ನನ್ನು ಚಟ್ಟ ಎಂದು ಕರೆದರು. ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ. ಚಟ್ಟದ ಮೇಲೆ ಮಲಗಿದವನು ಮನೆಗೆ ಮರಳುವುದಿಲ್ಲ. ನನ್ನ ಮೇಲೆ ಮಲಗಿದವನು ಮರಳಲಿ ಎಂದೇ ನನ್ನನ್ನು ಮಾಡಿದ್ದು. ಇಷ್ಟು ಸರಳ ವಿಷಯ ಒಂದು ಫುಟ್ಬಾಲ್ ತಂಡದ ತಲೆಗೆ ಹೋಗಲಿಲ್ಲ. ಅದರಿಂದ ಏನಾಯಿತೆಂದು ಹೇಳುತ್ತೇನೆ.

ನಾನು ಹುಟ್ಟಿದ್ದು ಬೆಂಗಳೂರಿನ ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ. ಕೊಳವೆ ಕತ್ತರಿಸಿದವರು ಯಾರೋ, ನೆನಪಿಲ್ಲ. ಬಟ್ಟೆ ಹೊಲಿದವಳು ಪುಟ್ಟಲಕ್ಷ್ಮಿ ಎಂಬಾಕೆ. ಊಟದ ಬಿಡುವಿನಲ್ಲಿ ಅವಳು ನನ್ನನ್ನು ನೆಲಕ್ಕೆ ಬಿಡಿಸಿ, ಸೆರಗನ್ನು ಮುಖಕ್ಕೆ ಎಳೆದುಕೊಂಡು ಮಲಗಿಯೇಬಿಟ್ಟಳು.

“ಎದ್ದೇಳೇ, ಸೂಪರ್‌ವೈಸರ್ ನೋಡಿದ್ರೆ ಬಯ್ತಾರೆ” ಎಂದಳು ಪಕ್ಕದ ಮಿಷನ್ನಿನವಳು.

“ಬಯ್ಲಿ ಬಿಡು. ನಾನು ಹಾಕಿರೋ ಹೊಲಿಗೆ ತಡೆಯುತ್ತೋ ಇಲ್ವೋ ಅಂತ ನಾನೇ ನೋಡ್ಬೇಡ್ವಾ?” ಎಂದು ಪುಟ್ಟಲಕ್ಷ್ಮಿ ಮಗ್ಗುಲು ಬದಲಿಸಿದಳು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು.

ನಾನು ಹೊತ್ತ ಮೊದಲ ಭಾರ ಅದು. ಮೈ ನೋವಿಲ್ಲದೆ, ಹೆದರಿಕೆಯಿಲ್ಲದೆ ನನ್ನ ಮೇಲೆ ಮಲಗಿದವರೆಂದರೆ ಅವಳೊಬ್ಬಳೇ. ಮನುಷ್ಯರೆಲ್ಲ ಹೀಗೇ ಬಂದು ಮಲಗುತ್ತಾರೆ, ದಣಿವು ಆರಿದ ಮೇಲೆ ಎದ್ದು ಹೋಗುತ್ತಾರೆ ಎಂದು ಆಗ ತಿಳಿದುಕೊಂಡಿದ್ದೆ.

ಅಲ್ಲಿಂದ ಲಾರಿಯಲ್ಲಿ ಘಾಟಿ ಇಳಿದು ಮಂಗಳೂರಿಗೆ ಬಂದೆ. ಹಂಪನಕಟ್ಟೆಯ ಒಂದು ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಊರುಗೋಲುಗಳ ಪಕ್ಕ ನನ್ನನ್ನು ಒರಗಿಸಿಟ್ಟರು. ಒಂದು ಮಳೆಗಾಲ ಧೂಳು ತಿನ್ನುತ್ತ ಅಲ್ಲೇ ಕಳೆಯಿತು. ಮಳೆ ಬಿಟ್ಟ ಮೇಲೆ ಹಸಿರು ಟೀಶರ್ಟು ತೊಟ್ಟ ಇಬ್ಬರು ಬಂದು ನನ್ನನ್ನು ಕೊಂಡರು. ಒಬ್ಬರು ಮೋನಾಕ. ಹೆಸರು ಪೊಡಿಮೋನು, ವಯಸ್ಸಾದವರು, ಎಲ್ಲರ ಬಾಯಲ್ಲಿ ಮೋನಾಕ. ಇನ್ನೊಬ್ಬ ಲ್ಯಾನ್ಸಿ. ಇಬ್ಬರೂ ಅಳಿವೆ ಯುನೈಟೆಡ್ ಎಂಬ ಫುಟ್ಬಾಲ್ ಕ್ಲಬ್ಬಿನ ಸಾಮಾನು ನೋಡಿಕೊಳ್ಳುವವರು. ಬೂಟು, ಜೆರ್ಸಿ, ನೀರಿನ ಬಾಟ್ಲಿಗಳ ಜೊತೆಗೆ ಇನ್ನು ನಾನೂ ಅವರ ಪಾಲಿಗೆ ಬಂದೆ.

ಅಳಿವೆ ಯುನೈಟೆಡ್ ಆ ವರ್ಷ ಮೊದಲ ಸಲ ದೇಶದ ಅತಿ ಮೇಲಿನ ಡಿವಿಜನ್ನಿಗೆ ಏರಿತ್ತು. ಊರಿಗೆ ಊರೇ ಕುಣಿಯುತ್ತಿತ್ತು. ಮೀನಿನ ಲಾರಿಗಳ ಮೇಲೆ ತಂಡದ ಬಾವುಟ, ಸಲೂನಿನ ಗೋಡೆಯ ಮೇಲೆ ಆಟಗಾರರ ಫೋಟೋ. ಎಲ್ಲ ಫೋಟೋಗಳ ನಡುವೆ ದೊಡ್ಡದು ಕ್ಯಾಪ್ಟನ್ ಯಶಪಾಲ ಕರ್ಕೇರನದು. ನದಿಗೂ ಕಡಲಿಗೂ ನಡುವಿನ ಮರಳುಪಟ್ಟಿ ಬೆಂಗ್ರೆಯಲ್ಲಿ ಹುಟ್ಟಿ, ಬಲೆ ಒಣಗಿಸುವ ಜಾಗದಲ್ಲಿ ಬರಿಗಾಲಲ್ಲಿ ಚೆಂಡು ಒದ್ದು ಬೆಳೆದವನು. ಡಿಫೆನ್ಸಿನ ಆಟಗಾರ, ಗೋಲಿನೆದುರು ಗೋಡೆಯಂತೆ ನಿಲ್ಲುವ ಆಸಾಮಿ. ಆಟ ಬಿಡುವ ವಯಸ್ಸು ಆಗಲೇ ಹತ್ತಿರ ಬಂದಿತ್ತು. ಇದೇ ಕೊನೆಯ ಸೀಸನ್ ಎಂದು ಹೆಂಡತಿ ನಮಿತಾಳಿಗೆ ಮಾತು ಕೊಟ್ಟಿದ್ದ.

ಆದರೆ ಅವನ ತಲೆಯಲ್ಲಿ ಒಂದು ಹಟ ಇತ್ತು. ಕ್ಲಬ್ಬಿನ ಯಜಮಾನರು ಬೆಂಗ್ರೆಯ ಮಕ್ಕಳಿಗೆಂದು ಒಂದು ಫುಟ್ಬಾಲ್ ಶಾಲೆ ತೆರೆದಿದ್ದರು. ಹುಲ್ಲಿನ ಮೈದಾನ, ಬೂಟು, ಕೋಚು, ಸಂಜೆಗೆ ಮೊಟ್ಟೆ ಬಾಳೆಹಣ್ಣು. ತಂಡ ಮೇಲಿನ ಡಿವಿಜನ್ನಿನಲ್ಲಿ ಉಳಿದರೆ ಶಾಲೆ ನಡೆಯುತ್ತದೆ, ಕೆಳಗಿಳಿದರೆ ಕ್ಲಬ್ಬನ್ನೂ ಶಾಲೆಯನ್ನೂ ಮುಚ್ಚುತ್ತೇನೆ ಎಂದು ಅವರು ಸೀಸನ್ನಿನ ಮೊದಲ ದಿನವೇ ಡ್ರೆಸಿಂಗ್ ರೂಮಿನಲ್ಲಿ ನಗುನಗುತ್ತಲೇ ಹೇಳಿಹೋದರು. ನಾನು ಬಾಗಿಲ ಮೂಲೆಯಲ್ಲಿದ್ದೆ. ಅವರ ಹೊಳೆಯುವ ಬೂಟುಗಳು ಆಚೆ ಹೋದ ಮೇಲೆ ಯಶಪಾಲ, “ಶಾಲೆ ಮುಚ್ಚಲಿಕ್ಕೆ ನಾನು ಬಿಡುದಿಲ್ಲ” ಎಂದು ಬೂಟಿನ ಲೇಸು ಬಿಗಿದ.

ಮೊದಲ ಪಂದ್ಯದಲ್ಲೇ ನನಗೆ ಕೆಲಸ ಬಂತು. ಉಳ್ಳಾಲದ ನೌಫಲ್ ಎಂಬ ಮುಂಚೂಣಿ ಆಟಗಾರ, ಚೆಂಡು ಸಿಕ್ಕರೆ ಗಾಳಿಗಿಂತ ಮುಂದೆ ಓಡುವವನು. ಎದುರಾಳಿಯ ಬೂಟು ಅವನ ಮೊಣಕಾಲ ಕೆಳಗೆ ಬಡಿಯಿತು. ಎಲುಬು ಮುರಿದ ಸದ್ದು ಬೆಂಚಿನವರೆಗೆ ಕೇಳಿಸಿತು. ಮೋನಾಕ, ಲ್ಯಾನ್ಸಿ ನನ್ನನ್ನು ಹಿಡಿದು ಓಡಿದರು. ನನ್ನ ಮೇಲೆ ಮಲಗಿದ ನೌಫಲ್ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಅವನ ಹಲ್ಲಿನ ಗುರುತು ಈಗಲೂ ನನ್ನ ಅಂಚಿನಲ್ಲಿದೆ. ಅವನು ಮತ್ತೆ ಆಡಲಿಲ್ಲ. ಎಲುಬಿಗೆ ರಾಡು ಹಾಕಿಸಿಕೊಂಡು, ಕೊನೆಗೆ ಅಣ್ಣನ ಹಿಂದೆ ಸೌದಿಯ ದಮ್ಮಾಮಿಗೆ ಕೆಲಸಕ್ಕೆ ಹೋದ ಎಂದು ಕೇಳಿದೆ.

ಎರಡನೆಯವನು ಮಣಿಪುರದಿಂದ ಬಂದಿದ್ದ ಆಟಗಾರ. ಅವನ ಮೊಣಕಾಲಿನೊಳಗೆ ಏನೋ ಹರಿದುಹೋಯಿತು. ಅವನನ್ನೂ ನಾನೇ ಹೊತ್ತೆ. ಅವನೂ ಚೀಲ ಕಟ್ಟಿ ಊರಿಗೆ ಹೋದ. ತಂಡ ಸೋಲಿನ ಮೇಲೆ ಸೋಲು ಕಂಡು ಪಟ್ಟಿಯ ತಳ ಸೇರಿತು. ಸೋಲುವ ತಂಡಕ್ಕೆ ದೂರಲು ಏನಾದರೊಂದು ಬೇಕು. ಕೋಚ್ ಬೋಪಯ್ಯನವರನ್ನು ಬಯ್ದರು, ಹುಲ್ಲನ್ನು ಬಯ್ದರು, ರೆಫರಿಯನ್ನು ಬಯ್ದರು. ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

“ಇದರ ಮೇಲೆ ಮಲಗಿದವ ಒಬ್ಬನಾದ್ರೂ ವಾಪಸ್ ಬಂದಿದ್ದಾನಾ?” ಎಂದು ಗೋಲ್‌ಕೀಪರ್ ರೋಶನ್ ಸೆರಾವೊ ಡ್ರೆಸಿಂಗ್ ರೂಮಿನಲ್ಲಿ ಕೇಳಿದ. “ಇದು ಸ್ಟ್ರೆಚರ್ ಅಲ್ಲ ಮಾರಾಯ, ಚಟ್ಟ.”

ಕೆಲವರು ನಕ್ಕರು. ಯಶಪಾಲ ನಗಲಿಲ್ಲ. ನೌಫಲ್ ಅವನಿಗೆ ತಮ್ಮನಂತಿದ್ದವನು.

“ಇನ್ನು ಇದ್ರ ಮೇಲೆ ನಮ್ಮವರು ಯಾರೂ ಮಲಗುದು ಬೇಡ” ಎಂದ ಅವನು. “ಕಾಲು ಹೋದ್ರೆ ನನ್ನ ಹೆಗಲು ಉಂಟು. ನಾನೇ ಹೊತ್ಕೊಂಡು ಹೋಗ್ತೇನೆ. ಆಯ್ತಾ? ಮೋನಾಕ, ಅದನ್ನು ಕವುಚಿ ಹಾಕಿ.”

ಮೋನಾಕ ನನ್ನನ್ನು ಮಗುಚಿ ಹಾಕಿ, ಮೇಲೆ ನೀರಿನ ಬಾಟ್ಲಿಗಳ ಕ್ರೇಟು ಇಟ್ಟರು.

ತಂಡದ ಫಿಸಿಯೋ ಸುರೇಖಾ ಆಳ್ವ ಅಲ್ಲೇ ಇದ್ದಳು. ಜೋರು ಬಾಯಿಯ ಹೆಂಗಸು. “ಬೆನ್ನಿಗೋ ತಲೆಗೋ ಪೆಟ್ಟಾದ್ರೆ ಹೆಗಲ ಮೇಲೆ ಹೊರುದಾ? ನಿಮಗೆಲ್ಲ ತಲೆ ಸಮ ಉಂಟಾ?” ಎಂದು ರೇಗಿದಳು.

“ಒಂದು ಮ್ಯಾಚ್ ಗೆಲ್ಲುವವರೆಗೆ ಮಾತ್ರ ಮೇಡಂ” ಎಂದ ಯಶಪಾಲ.

ಮುಂದಿನ ಪಂದ್ಯ ಗೆದ್ದರು! ನನ್ನ ಗ್ರಹಚಾರ. ಗೆದ್ದ ಮೇಲೆ ಆ ಪದ್ಧತಿಯನ್ನು ಮುರಿಯಲು ಯಾರಿಗೆ ಧೈರ್ಯ? ಅಂದಿನಿಂದ ಪ್ರತಿ ಪಂದ್ಯಕ್ಕೂ ನನ್ನನ್ನು ಬೆಂಚಿನ ಹಿಂದೆ ಕವುಚಿ ಹಾಕಿ, ಮೇಲೆ ಕ್ರೇಟುಗಳನ್ನು ಪೇರಿಸುತ್ತಿದ್ದರು. ಪಂದ್ಯದ ಅಧಿಕಾರಿಗಳು ಕೇಳಿದರೆ, “ಉಂಟಲ್ಲ ಸರ್, ಅಲ್ಲೇ ಉಂಟು” ಎಂದು ಲ್ಯಾನ್ಸಿ ಬೆರಳು ತೋರಿಸುತ್ತಿದ್ದ. ನನ್ನ ಮುಖ ನೆಲಕ್ಕೆ. ನಾನು ಆ ಸೀಸನ್ನಿನ ಹೆಚ್ಚಿನ ಆಟವನ್ನು ಕಿವಿಯಲ್ಲೇ ನೋಡಿದ್ದು.

ಗ್ಯಾಲರಿಗೂ ಈ ವಿಷಯ ತಲುಪಿತು. ನಮ್ಮ ಆಟಗಾರ ಯಾರೇ ಬಿದ್ದರೂ ಸಾವಿರಾರು ಜನ ಚಪ್ಪಾಳೆ ತಟ್ಟುತ್ತ “ಎದ್ದೇಳು! ಎದ್ದೇಳು!” ಎಂದು ಕೂಗಲು ಶುರು ಮಾಡಿದರು. ಗ್ಯಾಲರಿಯಲ್ಲಿ ತುಳು, ಬ್ಯಾರಿ, ಕೊಂಕಣಿ ಎಲ್ಲ ಭಾಷೆಯವರಿದ್ದರು. ಬಯ್ಯುವಾಗ ಅವರವರ ಭಾಷೆ, ಇದೊಂದು ಕೂಗಿಗೆ ಮಾತ್ರ ಎಲ್ಲರದೂ ಕನ್ನಡ. ಬಿದ್ದವನು ಕುಂಟುತ್ತ, ತೆವಳುತ್ತ, ಹೇಗಾದರೂ ಎದ್ದು ನಿಲ್ಲುತ್ತಿದ್ದ. ಆಗ ಗ್ಯಾಲರಿ ಹುಚ್ಚೆದ್ದು ಅರಚುತ್ತಿತ್ತು. ತೊಡೆಯ ಸ್ನಾಯು ಹರಿದುಕೊಂಡ ಒಬ್ಬ ಆಟಗಾರ ಅಂಬೆಗಾಲಿಟ್ಟು ಗೆರೆ ದಾಟಿದಾಗಲೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಮೈ ಉರಿಯಿತು. ಎರಡು ಮಾರು ದೂರದಲ್ಲಿ ನಾನಿದ್ದೆ. ನನ್ನ ಬಟ್ಟೆ ಗಟ್ಟಿಯಾಗಿತ್ತು, ಹೊಲಿಗೆ ಗಟ್ಟಿಯಾಗಿತ್ತು.

ಆದರೂ ನಿಜ ಹೇಳಬೇಕು, ತಂಡ ಮೇಲೆ ಬರುತ್ತಿತ್ತು. ಒಂದು ಗೆಲುವು, ಎರಡು ಡ್ರಾ, ಮತ್ತೊಂದು ಗೆಲುವು. ಕೆಲವೊಮ್ಮೆ ಸೋಲು. ಸೋತ ದಿನ ಯಾರೋ ಕ್ರೇಟು ಸರಿಸಿದ್ದಾರೆ ಎಂದು ಮೋನಾಕರನ್ನು ಬಯ್ಯುತ್ತಿದ್ದರು. ಪಟ್ಟಿಯ ಕೊನೆಯ ಎರಡು ತಂಡಗಳು ಕೆಳಗಿಳಿಯಬೇಕು. ಅಳಿವೆ ಯುನೈಟೆಡ್ ಅದರ ಸ್ವಲ್ಪ ಮೇಲೆ ಉಗುರಿನ ತುದಿಯಲ್ಲಿ ನೇತಾಡುತ್ತ ಕೊನೆಯ ಪಂದ್ಯಕ್ಕೆ ಬಂತು. ಕೊಲ್ಕತ್ತಾದ ತಂಡದ ಎದುರು, ನಮ್ಮದೇ ಮೈದಾನದಲ್ಲಿ. ಡ್ರಾ ಆದರೆ ಉಳಿಯುತ್ತದೆ. ಸೋತರೆ ಎಲ್ಲ ಮುಗಿಯುತ್ತದೆ.

ಅವತ್ತು ಫುಟ್ಬಾಲ್ ಶಾಲೆಯ ಮಕ್ಕಳೆಲ್ಲ ಹಸಿರು ಬನಿಯನ್ನು ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅವರ ನಡುವೆ ನಮಿತಾ. ಬೆಂಗ್ರೆಯ ಶಾಲೆಯಲ್ಲಿ ಟೀಚರ್ ಆಗಿದ್ದ ಅವಳಿಗೆ ಆ ಮಕ್ಕಳೆಲ್ಲರ ಹೆಸರು ಗೊತ್ತು. ಬೆಂಚಿನ ಹಿಂದಿನಿಂದ ಅವಳ ದನಿ ನನಗೆ ಕೇಳುತ್ತಿತ್ತು. “ಕೂತ್ಕೊಳ್ಳಿ ಮಕ್ಕಳೇ, ಹಿಂದಿನವರಿಗೆ ಕಾಣ್ಬೇಡ್ವಾ?”

ಆಟ ಒಂದು ಒಂದರಲ್ಲಿ ನಿಂತಿತ್ತು. ಬೋಪಯ್ಯನವರು ಬದಲಿ ಆಟಗಾರರನ್ನೆಲ್ಲ ಇಳಿಸಿ ಮುಗಿಸಿದ್ದರು. ಆಟ ಮುಗಿಯಲು ಇನ್ನೂ ಸಾಕಷ್ಟು ಹೊತ್ತಿದ್ದಾಗ ಕೊಲ್ಕತ್ತಾದವರು ಕಾರ್ನರ್ ಒದ್ದರು. ಯಶಪಾಲ ಎಗರಿ ಚೆಂಡಿಗೆ ತಲೆ ಕೊಟ್ಟ. ಅದೇ ಚೆಂಡಿಗೆ ಎದುರಾಳಿಯೂ ಎಗರಿದ್ದ. ತಲೆಗೆ ತಲೆ ಬಡಿಯಿತು. ಎದುರಾಳಿ ಹಣೆ ಒಡೆದುಕೊಂಡು ರಕ್ತ ಒರೆಸುತ್ತ ಎದ್ದ. ಯಶಪಾಲ ಏಳಲಿಲ್ಲ. ರಕ್ತವೂ ಬರಲಿಲ್ಲ.

ರೆಫರಿ ಸೀಟಿ ಊದಿದರು. ಸುರೇಖಾ ಓಡಿದಳು. ಅವನ ಕಣ್ಣಿನ ಮುಂದೆ ಬೆರಳು ಆಡಿಸಿದವಳು ತಿರುಗಿ ಎರಡೂ ಕೈ ಮೇಲೆತ್ತಿ ಸನ್ನೆ ಮಾಡಿದಳು. ಸ್ಟ್ರೆಚರ್ ಬೇಕು ಎಂಬ ಸನ್ನೆ. ಲ್ಯಾನ್ಸಿ ಮೋನಾಕರ ಮುಖ ನೋಡಿದ, ಮೋನಾಕ ಕೋಚಿನ ಮುಖ ನೋಡಿದರು. ಬೋಪಯ್ಯ ಗಡಿಯಾರ ನೋಡುತ್ತಿದ್ದರು. ಕೊನೆಗೆ ಮೋನಾಕ, “ಎಂತ ನೋಡುದು ಇನ್ನು, ಎತ್ತು!” ಎಂದು ಕ್ರೇಟುಗಳನ್ನು ತಳ್ಳಿದರು. ಬಾಟ್ಲಿಗಳು ಉರುಳಿದವು. ಎಷ್ಟೋ ತಿಂಗಳಿಂದ ಕವುಚಿ ಬಿದ್ದು ನನ್ನ ಕೀಲಿಗೆ ಮಣ್ಣು ತುಂಬಿತ್ತು. ಬಿಡಿಸಲು ಲ್ಯಾನ್ಸಿ ಕಾಲು ಕೊಟ್ಟು ಒದೆಯಬೇಕಾಯಿತು.

ಅಂತೂ ಬಹಳ ದಿನಗಳ ಮೇಲೆ ನಾನು ಆಕಾಶ ನೋಡಿದೆ. ಓಡುವ ಆ ಇಬ್ಬರ ಕೈಯಲ್ಲಿ ಹುಲ್ಲಿನ ಮೇಲೆ ಹಾರುತ್ತ ಹೋದೆ. ಬಂದೆ, ಇಗೋ ಬಂದೆ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ಗ್ಯಾಲರಿ ನನ್ನನ್ನು ಕಂಡಿತು. ಆಮೇಲೆ ಶುರುವಾಯಿತು.

“ಎದ್ದೇಳು! ಎದ್ದೇಳು!”

ಮೊದಲು ಮಕ್ಕಳ ಸಾಲಿನಿಂದ, ಆಮೇಲೆ ಇಡೀ ಮೈದಾನದಿಂದ. ಯಶಪಾಲ ಕಣ್ಣು ತೆರೆದ. ಅವನ ಪಕ್ಕದಲ್ಲಿ ನನ್ನನ್ನು ಇಳಿಸಿದ್ದರು. ಅವನ ಕಣ್ಣು ನೇರ ನನ್ನ ಮೇಲೆ ಬಿತ್ತು. ಅಂಥ ಭಯವನ್ನು ನಾನು ಯಾರ ಮುಖದಲ್ಲೂ ಕಂಡಿಲ್ಲ. ಕೈ ಊರಿದ, ಮೊಣಕಾಲು ಊರಿದ, ಎದ್ದು ನಿಂತ. ಯಾರನ್ನು ಹೊರಲೆಂದು ನಾನು ಓಡಿ ಬಂದೆನೋ ಅವನು ನನ್ನನ್ನು ಕಂಡೇ ಎದ್ದ.

“ಕೂತ್ಕೊಳ್ಳಿ ಯಶಣ್ಣ” ಎಂದಳು ಸುರೇಖಾ. “ಹೊರಗೆ ಬನ್ನಿ. ಸಾಕು.”

“ಎಂತದೂ ಆಗ್ಲಿಲ್ಲ ಮೇಡಂ.”

“ಆಗ್ಲಿಲ್ವಾ? ಹಾಗಾದ್ರೆ ಹೇಳಿ, ಇವತ್ತು ಯಾರ ಜೊತೆ ಮ್ಯಾಚ್?”

ಯಶಪಾಲ ಬಾಯಿ ತೆರೆದ. ಮಾತು ಬರಲಿಲ್ಲ. ಅವನ ಕಣ್ಣು ಯಾವುದೋ ದೂರದ ದೋಣಿ ಹುಡುಕುವವನಂತೆ ಅಲೆಯಿತು. ಸುರೇಖಾಳ ಬೆನ್ನ ಹಿಂದೆ ರೋಶನ್ ನಿಂತಿದ್ದ. ಗೋಲ್‌ಕೀಪರಿನ ಗ್ಲೌಸು ಹಾಕಿದ ಕೈ ಬಾಯಿಗೆ ಅಡ್ಡ ಇಟ್ಟುಕೊಂಡು, ತರಗತಿಯಲ್ಲಿ ಗೆಳೆಯನಿಗೆ ಉತ್ತರ ಹೇಳಿಕೊಡುವವನ ಹಾಗೆ ತುಟಿ ಆಡಿಸಿದ.

“ಕೊಲ್ಕತ್ತಾ” ಎಂದ ಯಶಪಾಲ.

ನಾನು ನೆಲದಲ್ಲಿದ್ದೆ, ನನಗೆ ಆ ತುಟಿ ಕಂಡಿತು. ಸುರೇಖಾಳಿಗೆ ಕಾಣಲಿಲ್ಲ. “ಆದ್ರೂ ಬೇಡ, ನನಗೆ ಸರಿ ಕಾಣುದಿಲ್ಲ” ಎಂದು ಅವಳು ಬೆಂಚಿನತ್ತ ತಿರುಗಿದಳು. ಬೋಪಯ್ಯ ಗೆರೆಯ ಅಂಚಿಗೆ ಬಂದು, “ಉತ್ತರ ಹೇಳಿದನಲ್ಲ ಸುರೇಖಾ! ಅವನು ಹೊರಗೆ ಬಂದರೆ ಹತ್ತೇ ಜನ ನಾವು!” ಎಂದು ಕೂಗಿದರು. ರೆಫರಿ ಅವಸರ ಮಾಡಿದರು. ಗ್ಯಾಲರಿ ಕಿವಿ ಕಿತ್ತುಹೋಗುವ ಹಾಗೆ ಅರಚುತ್ತಿತ್ತು. ಅವಳು ನೀರಿನ ಬಾಟ್ಲಿ ನೆಲಕ್ಕೆ ಬಡಿದು ಹೊರಗೆ ನಡೆದಳು. ನನ್ನನ್ನು ಮಡಚಿ ಖಾಲಿ ವಾಪಸು ತಂದರು. ತಂದವರು ಮತ್ತೆ ಕವುಚಿ ಹಾಕಿ ಕ್ರೇಟು ಪೇರಿಸಿದರು. ರೂಢಿ ನೋಡಿ.

ಆಮೇಲಿನದನ್ನು ಕಿವಿಯಲ್ಲೇ ನೋಡಿದೆ. ಯಶಪಾಲ ಒಂದು ಚೆಂಡನ್ನು ತಡೆದನಂತೆ, ಇನ್ನೊಂದನ್ನು ಗೆರೆಯ ಮೇಲಿಂದ ಒದ್ದನಂತೆ. ಅವನು ಎದುರಿನವರ ಕಾರ್ನರ್ ಬಂದಾಗ ತಪ್ಪು ಗೋಲಿನ ಕಡೆ ನಡೆಯುತ್ತಿದ್ದ, ರೋಶನ್ ತೋಳು ಹಿಡಿದು ತಿರುಗಿಸಿದ ಎಂದೂ ಬೆಂಚಿನಲ್ಲಿ ಯಾರೋ ಹೇಳಿದರು. ಕೊನೆಯ ಸೀಟಿ ಕೇಳಿಸಿತು. ಒಂದು ಒಂದು. ಅಳಿವೆ ಯುನೈಟೆಡ್ ಉಳಿಯಿತು.

ಬೇಲಿ ಹಾರಿ ಜನ ಒಳಗೆ ನುಗ್ಗಿದರು. ಕ್ಯಾಪ್ಟನ್ನನ್ನು ಹೆಗಲ ಮೇಲೆ ಎತ್ತಿಕೊಂಡು ಮೈದಾನದ ಸುತ್ತ ಮೆರವಣಿಗೆ ಹೊರಟರು. ಡೋಲು, ಪಟಾಕಿ, ಹಸಿರು ಪುಡಿ. ಯಶಪಾಲ ತಲೆ ಬಗ್ಗಿಸಿ ಅಳುತ್ತಿದ್ದಾನೆ ಎಂದು ಎಲ್ಲರೂ ತಿಳಿದರು. ಅವನ ಕೈ ಕೆಳಗೆ ಜೋತಾಡುತ್ತಿದ್ದುದನ್ನು ಗ್ಯಾಲರಿಯಿಂದ ಮೊದಲು ಕಂಡವಳು ನಮಿತಾ.

“ಇಳಿಸಿ! ಅವರನ್ನು ಇಳಿಸಿ ಮಾರಾಯ್ರೆ!” ಎಂದು ಅವಳು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಡೋಲಿನ ಹತ್ತಿರದವರಿಗೆ ಕೇಳಿಸಲಿಲ್ಲ. ಅವರು ಇನ್ನೊಂದು ಸುತ್ತು ಹಾಕಿದರು.

ಇಳಿಸಿದಾಗ ಅವನ ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಅರಳಿತ್ತು. ಮೋನಾಕ ಕ್ರೇಟುಗಳನ್ನು ಒದ್ದು ನನ್ನನ್ನು ಎಳೆದರು. ನೂಕುನುಗ್ಗಲಿನಲ್ಲಿ ದಾರಿ ಸಿಗಲಿಲ್ಲ. ಮುದುಕ ಅಳುತ್ತ, ಬಯ್ಯುತ್ತ, ನನ್ನ ಕೊಳವೆಯಿಂದಲೇ ಜನರನ್ನು ತಿವಿಯುತ್ತ ಮುಂದೆ ಹೋದರು. ಹೀಗೆ ಯಶಪಾಲ ಕರ್ಕೇರ ಕೊನೆಗೂ ನನ್ನ ಮೇಲೆ ಮಲಗಿದ. ಎಷ್ಟು ಭಾರ ಇದ್ದ! ಸುರೇಖಾ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದಲ್ಲೇ ಓಡಿದಳು. ಅವಳ ಕಣ್ಣೀರು ನನ್ನ ಬಟ್ಟೆಯ ಮೇಲೆ ಬೀಳುತ್ತಿತ್ತು. ಆಂಬುಲೆನ್ಸಿಗೆ ದಾರಿ ಬಿಡಲು ಬಾವುಟ ಹಿಡಿದವರಿಗೆ ಬಹಳ ಹೊತ್ತು ಬೇಕಾಯಿತು.

ಮೆದುಳಿನ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ತಲೆಬುರುಡೆ ತೆರೆದು ತೆಗೆದರು. ಜೀವ ಉಳಿಯಿತು. ಬಲಭಾಗ ಸತ್ತುಹೋಯಿತು, ಮಾತೂ ಹೋಯಿತು. ಬಿದ್ದ ಕೂಡಲೇ ತಂದಿದ್ದರೆ ಎಂದು ಡಾಕ್ಟರು ಶುರು ಮಾಡಿದ ಮಾತನ್ನು ನಮಿತಾಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಮುಂದಿನದು ಕೇಳಿದರೆ ನೀವು ನಗಬಹುದು, ಅಥವಾ ಉಗಿಯಬಹುದು. ಆ ಬೇಸಿಗೆಯಲ್ಲೇ ಯಜಮಾನರು ಕ್ಲಬ್ಬನ್ನು ಉತ್ತರದ ಯಾವುದೋ ನಗರದವರಿಗೆ ಮಾರಿದರು. ಮೇಲಿನ ಡಿವಿಜನ್ನಿನಲ್ಲಿ ಉಳಿದ ತಂಡಕ್ಕೆ ಒಳ್ಳೆಯ ಗಿರಾಕಿ ಸಿಕ್ಕಿದ್ದರಂತೆ. ಬೆಂಗ್ರೆಯ ಫುಟ್ಬಾಲ್ ಶಾಲೆಗೆ ಬೀಗ ಬಿತ್ತು. ಹುಲ್ಲು ಒಣಗಿ ಮರಳು ಮೇಲೆ ಬಂತು.

ಕ್ಲಬ್ಬಿನ ಸಾಮಾನನ್ನೆಲ್ಲ ಗುಜರಿಗೆ ಹಾಕುವಾಗ ಮೋನಾಕ ನನ್ನನ್ನು ಬಗಲಿಗೆ ಏರಿಸಿಕೊಂಡು ಹೊರಟರು. ಯಾರೂ ಕೇಳಲಿಲ್ಲ. ಬಂದರಿನ ದಕ್ಕೆಯಿಂದ ಫೆರಿ ದೋಣಿ ಹತ್ತಿ, ಬೆಂಗ್ರೆಯಲ್ಲಿ ಇಳಿದು, ನಮಿತಾಳ ಮನೆಯ ಜಗಲಿಯಲ್ಲಿ ನನ್ನನ್ನು ಬಿಡಿಸಿ ಇಟ್ಟರು.

“ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಕ್ಕೆ ಬೇಕಾಗ್ತದೆ ಟೀಚರೇ” ಎಂದರು. ಆಮೇಲೆ ಸಣ್ಣ ದನಿಯಲ್ಲಿ, “ಕವುಚಿ ಹಾಕಿದ್ದು ನಾನೇ ಅಲ್ವಾ” ಎಂದರು.

ನಮಿತಾ ಒಳಗೆ ಹೋಗಿ ಅವರಿಗೆ ಚಾ ತಂದುಕೊಟ್ಟಳು.

ಈಗ ನನ್ನ ಬಣ್ಣ ಮಾಸಿದೆ. ಉಪ್ಪುಗಾಳಿಗೆ ಕೀಲು ಬಿಗಿದಿದೆ, ನಮಿತಾ ಆಗಾಗ ತೆಂಗಿನೆಣ್ಣೆ ಹಚ್ಚುತ್ತಾಳೆ. ಪುಟ್ಟಲಕ್ಷ್ಮಿಯ ಹೊಲಿಗೆ ಮಾತ್ರ ಹಾಗೇ ಇದೆ. ವಾರಕ್ಕೊಮ್ಮೆ ಮೋನಾಕ, ಲ್ಯಾನ್ಸಿ ಬಂದು ಯಶಪಾಲನನ್ನು ನನ್ನ ಮೇಲೆ ಮಲಗಿಸಿ ಆಚೆ ದಡದ ಆಸ್ಪತ್ರೆಗೆ ಒಯ್ಯುತ್ತಾರೆ. ಸುರೇಖಾ ಈಗ ಅಲ್ಲಿದ್ದಾಳೆ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಚುತ್ತಾಳೆ. ರೋಶನ್ ಒಂದೇ ಒಂದು ಸಲ ಮನೆಗೆ ಬಂದಿದ್ದ. ಅಂಗಳದಲ್ಲೇ ನಿಂತ. ಯಶಪಾಲ ಅವನನ್ನು ಕಂಡು ಮುಖ ಅರಳಿಸಿದ. ಅದನ್ನು ನೋಡಲಾರದೆ ರೋಶನ್ ತಿರುಗಿ ಹೋಗಿಬಿಟ್ಟ. ಅವನ ಮೇಲೆ ನನಗೆ ಸಿಟ್ಟಿತ್ತು. ಅವತ್ತಿನಿಂದ ಅದೂ ಇಲ್ಲ.

ಫೆರಿ ದೋಣಿ ತಡವಾದರೆ ನನ್ನನ್ನು ಬೆಂಗ್ರೆಯ ಕಡೆಯ ದಕ್ಕೆಯ ಬಳಿ ಮರಳಿನ ಮೇಲೆ ಇಳಿಸುತ್ತಾರೆ. ಅಲ್ಲಿ ಆ ಹಳೆಯ ಶಾಲೆಯ ಮಕ್ಕಳು ಬರಿಗಾಲಲ್ಲಿ ಆಡುತ್ತಿರುತ್ತಾರೆ. ಹಸಿರು ಬನಿಯನ್ನುಗಳು ಹರಿದು ಮೈಗೆ ಚಿಕ್ಕದಾಗಿವೆ. ಅವರಲ್ಲಿ ಒಬ್ಬನಾದರೂ ಬಿದ್ದೇ ಬೀಳುತ್ತಾನೆ. ಬಿದ್ದೊಡನೆ ಉಳಿದವರು ಸುತ್ತ ನಿಂತು, ಗ್ಯಾಲರಿಯಲ್ಲಿ ಕಲಿತ ಹಾಗೆಯೇ ಚಪ್ಪಾಳೆ ತಟ್ಟುತ್ತಾರೆ.

“ಎದ್ದೇಳು! ಎದ್ದೇಳು!”

ಆಗ ಯಶಪಾಲನ ಎಡಗೈ ನನ್ನ ಕೊಳವೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಕತ್ತಿನ ನರ ಉಬ್ಬುತ್ತದೆ. ಬದುಕಿರುವ ಅರ್ಧ ಮೈ ಸತ್ತ ಅರ್ಧವನ್ನು ಎಳೆದುಕೊಂಡು ಏಳಲು ನೋಡುತ್ತದೆ. ನಾನು ನಡುಗುತ್ತೇನೆ. ಮಲಗು ಯಶಪಾಲ, ನಾನಿದ್ದೇನೆ ಎನ್ನಬೇಕೆನಿಸುತ್ತದೆ. ನನಗೆ ಬಾಯಿಲ್ಲ. ನಮಿತಾ ಅವನ ಎದೆಯ ಮೇಲೆ ಅಂಗೈ ಇಟ್ಟು ಮೆಲ್ಲನೆ ಒತ್ತುತ್ತಾಳೆ.

“ಏಳುದು ಬೇಡ, ಮಲಗಿ” ಎನ್ನುತ್ತಾಳೆ. “ನಿಮ್ಮನ್ನಲ್ಲ ಅವರು ಕರೆದದ್ದು.”

ದೋಣಿ ಬರುವವರೆಗೂ ಅವನು ಆ ಹಿಡಿತ ಬಿಡುವುದಿಲ್ಲ.